ವೈರಸ್ ಅಷ್ಟುದ್ದದ ಡಿಎನ್‌ಎಯನ್ನು ಪುಟ್ಟ ಪ್ರೋಟೀನ್ ಚಿಪ್ಪಿನೊಳಗೆ ಹೇಗೆ ತುಂಬುತ್ತದೆ?

ಅದು ಸುಮ್ನೆ ಒಳಗೆ ಹೋಗಿ ಕೂರುವುದಿಲ್ಲ, ಬಲವಂತವಾಗಿ ತುರುಕಬೇಕು. ಬ್ಯಾಕ್ಟೀರಿಯಾಗೆ ತಗಲುವ ಫೈ29 ವೈರಸ್ಸನ್ನೇ ನೋಡಿ. ಮೊದಲು ಖಾಲಿ ಚಿಪ್ಪು ತಯಾರಾಗುತ್ತದೆ, ಉದ್ದ ಸುಮಾರು 54 ನ್ಯಾನೋಮೀಟರ್. ಒಳಗೆ ಹೋಗಬೇಕಾದ ಡಿಎನ್‌ಎ ಅದರ ನೂರು ಪಟ್ಟಿಗಿಂತ ಜಾಸ್ತಿ ಉದ್ದ! ಚಿಪ್ಪಿನ ಒಂದು ತುದಿಯಲ್ಲಿರುವ ತೂತಿನ ಬಳಿ ಅಣುಗಳಿಂದಾದ ಒಂದು ಪುಟ್ಟ ಮೋಟಾರು ಕೂತಿರುತ್ತದೆ. ಜೀವಕೋಶದ ಇಂಧನದಂತಿರುವ ಎಟಿಪಿ ಎಂಬ ಅಣು ಒಡೆದಾಗ ಸಿಗುವ ಶಕ್ತಿಯಿಂದ ಅದು ಡಿಎನ್‌ಎಯನ್ನು ಹಂತ ಹಂತವಾಗಿ ಒಳಕ್ಕೆ ದಬ್ಬುತ್ತದೆ.

ಡಿಎನ್‌ಎ ಸುಲಭಕ್ಕೆ ಬಾಗುವುದಿಲ್ಲ. ಮೇಲಾಗಿ ನೆಗೆಟಿವ್ ಚಾರ್ಜ್ ಇರುವುದರಿಂದ ಅದರ ಸುತ್ತುಗಳು ಒಂದನ್ನೊಂದು ದೂಡುತ್ತವೆ. ತುಂಬಿದಷ್ಟೂ ಒತ್ತಡ ಏರುತ್ತದೆ. 2001ರಲ್ಲಿ ಅಳೆದಾಗ ಈ ಮೋಟಾರಿನ ಬಲ ಸುಮಾರು 57 ಪಿಕೋನ್ಯೂಟನ್ (ಒಂದು ಪಿಕೋನ್ಯೂಟನ್ ಅಂದರೆ ನ್ಯೂಟನ್‌ನ ಲಕ್ಷ ಕೋಟಿಯಲ್ಲೊಂದು ಭಾಗ) ಬಂತು. ನಮ್ಮ ಸ್ನಾಯುವನ್ನು ಎಳೆಯುವ ಮಯೋಸಿನ್ ಎಂಬ ಪ್ರೋಟೀನ್ ಮೋಟಾರಿಗಿಂತ ಎಷ್ಟೋ ಜಾಸ್ತಿ! ಆ ಒತ್ತಡ ದಂಡವಲ್ಲ, ಮುಂದೆ ಹೊಸ ಬ್ಯಾಕ್ಟೀರಿಯಾದೊಳಗೆ ಡಿಎನ್‌ಎ ನುಗ್ಗಿಸಲು ಅದೇ ನೆರವಾಗುತ್ತದೆ.

ಎಲ್ಲ ವೈರಸ್‌ಗಳೂ ಹೀಗಲ್ಲ. ತಂಬಾಕು ಗಿಡಕ್ಕೆ ತಗಲುವ ತಂಬಾಕು ಮೊಸಾಯಿಕ್ ವೈರಸ್‌ನಲ್ಲಿ ಡಿಎನ್‌ಎ ಬದಲು ಆರ್‌ಎನ್‌ಎ ಇರುತ್ತದೆ, ಅದರ ಸುತ್ತಲೇ ಪ್ರೋಟೀನ್ ಜೋಡಣೆಯಾಗುತ್ತದೆ.