ಪಿನ್ ಯಾರಿಗೂ ಹೇಳಬೇಡಿ ಅನ್ನೋ ಬ್ಯಾಂಕು ತಾನೇ ಯಾಕೆ ಕೇಳುತ್ತೆ?
ಸರ್, ನಿಮ್ಮ ತಂದೆಯವರ ಪ್ರಶ್ನೆ ನ್ಯಾಯವಾಗೇ ಇದೆ. ಆದರೆ ಎಟಿಎಂನಲ್ಲಿ ಪಿನ್ ಕೇಳುವುದು ಮೆಷಿನ್, ಮನುಷ್ಯರಲ್ಲ. ಕಾರ್ಡ್ ಯಾರ ಕೈಗಾದರೂ ಸಿಗಬಹುದು ಅಲ್ವಾ? ಅದಕ್ಕೇ ನಿಮಗೆ ಮಾತ್ರ ಗೊತ್ತಿರುವ ನಾಲ್ಕು ಅಂಕಿ ಬೇಕು. ಒತ್ತಿದ ಕೂಡಲೇ ಅದು ಕೀಪ್ಯಾಡ್‌ನಲ್ಲೇ ಗೂಢಲಿಪಿಯಾಗಿ ಬ್ಯಾಂಕಿನ ಕಂಪ್ಯೂಟರಿಗೆ ಹೋಗುತ್ತದೆ. ಮಂಡ್ಯ ಬ್ರಾಂಚಿನ ಮ್ಯಾನೇಜರಿಗೂ ಕಾಣಿಸುವುದಿಲ್ಲ. ಮರೆತು ಹೋದರೆ ಹಳೆಯದನ್ನು ಹೇಳದೆ ‘ಹೊಸದು ಮಾಡ್ಕೊಳ್ಳಿ’ ಅನ್ನುವುದು ಅದಕ್ಕೇ.

ಇನ್ನು ಅವರಿಗೆ ಬಂದ ಆ ಫೋನ್: ‘ಬೆಲ್ಲದ ದುಡ್ಡು ಹಾಕ್ತೀನಿ, ಪಿನ್ ಒತ್ತಿ’ ಅಂದವನು ಕಳ್ಳ, ಅನುಮಾನವೇ ಬೇಡ. ಯುಪಿಐನಲ್ಲಿ ದುಡ್ಡು ಬರೋಕೆ ಪಿನ್ ಬೇಕಿಲ್ಲ, ಕಳಿಸೋಕೆ ಬೇಕು. ಈಗಾಗಲೇ ಒತ್ತಿದ್ದರೆ ಬ್ಯಾಂಕ್ ಬಾಗಿಲು ತೆಗೆಯಲಿ ಅಂತ ಸುಮ್ನೆ ಕಾಯಬೇಡಿ, ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.