ಚೀನಾದ ಚಿಂಗ್‌ಹಾವ್ ನಮ್ಮಲ್ಲಿ ಒಂದೂವರೆ ಅಡಿಗೇ ಹೂ ಬಿಡುವುದು ಯಾಕೆ

ದವನ ಚೆನ್ನಾಗಿ ಬರುವ ಹೊಲದಲ್ಲೇ ಮಲೇರಿಯಾ ಔಷಧಿಯ ಗಿಡ ಚಿಂಗ್‌ಹಾವ್ (ಆರ್ಟಿಮೀಸಿಯಾ ಆನ್ಯುವಾ) ಒಂದೂವರೆ ಅಡಿಗೆ ಹೂ ಬಿಟ್ಟಿತು, ಸೊಪ್ಪೇ ಇಲ್ಲ, ಇರುವಷ್ಟನ್ನು ಜ್ವರಕ್ಕೆ ಕಷಾಯ ಮಾಡಬಹುದಾ ಅಂತ ಕೇಳಿದ್ದೀರಿ ಸರ್. ತಪ್ಪು ಗೊಬ್ಬರದ್ದಲ್ಲ, ನೀರಿನದ್ದೂ ಅಲ್ಲ. ಅದಕ್ಕೆ ನಮ್ಮ ಹಗಲು ಸಾಲದು.

ಹಗಲು ಸುಮಾರು 13.5 ಗಂಟೆಗಿಂತ ಕಿರಿದಾದರೆ ಈ ಗಿಡ ಎರಡು ವಾರದಲ್ಲೇ ಮೊಗ್ಗಿಗೆ ತಿರುಗುತ್ತದೆ. ಚೀನಾದ ಚೊಂಗ್‌ಚಿಂಗ್ ಕಡೆ ಜೂನ್‌ನಲ್ಲಿ 14 ಗಂಟೆ ಹಗಲು, ಅಲ್ಲಿ ಆಳೆತ್ತರ ಬೆಳೆದ ಮೇಲೆಯೇ ಹೂವು. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ನೀವು ಯಾವ ತಿಂಗಳು ಬಿತ್ತಿದರೂ ಗಿಡಕ್ಕೆ ಅದು ಹೂವಿನ ಕಾಲವೇ.

ದಾರಿ ಎರಡು. ಒಂದು, ತಡವಾಗಿ ಹೂ ಬಿಡುವ ತಳಿ. ಔಷಧಿ, ಸುಗಂಧ ಸಸ್ಯಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ಸಿಮ್ಯಾಪ್‌ನ ಜೀವನರಕ್ಷಾ, ಸಿಮ್-ಆರೋಗ್ಯ ತಳಿಗಳಿವೆ, ಅವರ ಕೇಂದ್ರ ಬೆಂಗಳೂರಿನಲ್ಲೂ ಇದೆ. ಬೀಜ ಕೇಳುವಾಗ ಇಳುವರಿಗಿಂತ ಮೊದಲು "ನಮ್ಮ ಕಡೆ ನಾಟಿ ಮಾಡಿದ ಎಷ್ಟು ದಿನಕ್ಕೆ ಹೂ ಬರುತ್ತೆ" ಅಂತ ಕೇಳಿ. ಇನ್ನೊಂದು, ಸೇವಂತಿಗೆಯವರು ಹೊಲದ ಮೇಲೆ ಬಲ್ಬ್ ಕಟ್ಟಿ ರಾತ್ರಿ 10ರಿಂದ 2ರವರೆಗೆ ಉರಿಸುತ್ತಾರಲ್ಲ, ಅದೇ ಉಪಾಯ. ಸಸಿ ಇರುವಾಗಲೇ ಶುರು ಮಾಡಬೇಕು. ಮೊಗ್ಗು ಕಂಡ ಮೇಲೆ ದೀಪ ಹಾಕಿದರೆ ಕರೆಂಟ್ ದಂಡ.

ಸಸಿಮಡಿ ದವನದ್ದೇ ಕ್ರಮ. ಬೀಜ ಗ್ರಾಂಗೆ 10,000ಕ್ಕೂ ಹೆಚ್ಚು. ನಯವಾದ ಮರಳಲ್ಲಿ ಕಲಸಿ ಮಡಿಯ ಮೇಲೆ ಉದುರಿಸಿ, ಮಣ್ಣು ಮುಚ್ಚಬೇಡಿ, ಮೊಳೆಯಲು ಬೆಳಕು ಬೇಕು. ಹೂಜಿಯಲ್ಲಿ ನೀರು ಸುರಿದರೆ ಬೀಜವೆಲ್ಲ ಮೂಲೆಗೆ ಕೊಚ್ಚಿಹೋಗುತ್ತದೆ, ತುಂತುರಾಗಿ ಕೊಡಿ. 5-6 ವಾರದ ಸಸಿಯನ್ನು ಒಂದೂವರೆ ಅಡಿ ಸಾಲು, ಒಂದಡಿ ಅಂತರಕ್ಕೆ ನೆಡಿ. ನೀರು ನಿಂತರೆ ಬೇರು ಕೊಳೆಯುತ್ತದೆ.

ಕಳೆ ತೆಗೆಯುವವರಿಗೆ ಗಿಡ ತೋರಿಸಿಯೇ ಬಿಡಿ. ಎಳೆಯದರಲ್ಲಿ ಕಾಂಗ್ರೆಸ್ ಹುಲ್ಲಿನಂತೆಯೇ ಕಾಣುತ್ತದೆ. ಎಲೆ ಉಜ್ಜಿ ನೋಡಿದರೆ ಚಿಂಗ್‌ಹಾವ್ ಕರ್ಪೂರದಂತೆ ಘಮ್ಮೆನ್ನುತ್ತದೆ. ಹೂವು ಕಾಳುಮೆಣಸಿಗಿಂತ ಸಣ್ಣ ಹಳದಿ ಗುಂಡು, ತಲೆ ಬಗ್ಗಿಸಿರುತ್ತದೆ. ಕಾಂಗ್ರೆಸ್ಸಿನದು ಬಿಳಿ. ನಮ್ಮ ಮಾಚಿಪತ್ರೆಗಾದರೆ ಎಲೆಯ ಅಡಿಯಲ್ಲಿ ಬಿಳಿ ನವಿರು.

ಕೊಯ್ಲು ಹೂ ಅರಳುವ ಮೊದಲು, ಇದರ ಔಷಧಿ ಸತ್ವ ಆರ್ಟಿಮಿಸಿನಿನ್ ಆಗಲೇ ಹೆಚ್ಚು. ಅದು ಇರುವುದು ಎಲೆಯ ಸಣ್ಣ ಗ್ರಂಥಿಗಳಲ್ಲಿ, ದಂಟಿನಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ನೆರಳಲ್ಲಿ ತೆಳ್ಳಗೆ ಹರಡಿ ಒಣಗಿಸಿ, ಬಡಿದು, ಜರಡಿ ಹಿಡಿದು ಎಲೆ ಮಾತ್ರ ಇಟ್ಟುಕೊಳ್ಳಿ. ರಾಶಿ ಹಾಕಿದರೆ ಒಳಗೆ ಕಾವು ಹೆಚ್ಚಿ ಕಪ್ಪಾಗುತ್ತದೆ.

ಈಗ ಕಷಾಯದ ವಿಚಾರ. ನಾಲ್ಕನೇ ಶತಮಾನದ ಚೀನೀ ವೈದ್ಯ ಗ ಹಾಂಗ್ ಬರೆದದ್ದು ಒಂದು ಹಿಡಿ ಚಿಂಗ್‌ಹಾವ್ ನೀರಲ್ಲಿ ನೆನೆಸಿ, ಹಿಂಡಿ ಕುಡಿ ಅಂತ. ಕುದಿಸು ಅಂದಿಲ್ಲ. ಅದನ್ನು ಗಮನಿಸಿಯೇ ಚೀನಾದ ವಿಜ್ಞಾನಿ ತು ಯೂಯೂ 35 ಡಿಗ್ರಿಗೆ ಕುದಿಯುವ ಈಥರ್ ಎಂಬ ದ್ರಾವಕ ಬಳಸಿ 1971ರಲ್ಲಿ ಸತ್ವ ತೆಗೆದರು, 2015ರಲ್ಲಿ ನೊಬೆಲ್ ಬಂತು. ಆರ್ಟಿಮಿಸಿನಿನ್ ನೀರಲ್ಲಿ ಸರಿಯಾಗಿ ಕರಗುವುದಿಲ್ಲ, ಬಿಸಿಗೆ ಕೆಡಲೂಬಹುದು. ಲೋಟದಲ್ಲಿ ಎಷ್ಟಿದೆ ಅಂತ ಹೇಳಲಿಕ್ಕಾಗದು. ಕಡಿಮೆ ಪ್ರಮಾಣ ಹೋದರೆ ಜ್ವರ ಇಳಿದಂತೆ ಕಂಡು ಮಲೇರಿಯಾ ರಕ್ತದಲ್ಲೇ ಉಳಿಯುತ್ತದೆ, ರೋಗಾಣು ಔಷಧಿಗೆ ಬಗ್ಗದಂತೆಯೂ ಆಗಬಹುದು. ವಿಶ್ವ ಆರೋಗ್ಯ ಸಂಸ್ಥೆ ಈ ಸೊಪ್ಪಿನ ಚಹಾ ಬೇಡ ಅನ್ನುವುದು ಇದಕ್ಕೇ. ಚಳಿಜ್ವರ ಬಂದವರಿಗೆ ಇದನ್ನು ಕೊಡಬೇಡಿ ಸರ್, ಅವತ್ತೇ ರಕ್ತ ಪರೀಕ್ಷೆ ಮಾಡಿಸಿ.

ಈಗಿರುವ ಗಿಡಗಳಲ್ಲಿ ತೀರಾ ತಡವಾಗಿ ಹೂ ಬಿಡುವ ನಾಲ್ಕೈದನ್ನು ಬೀಜಕ್ಕೆ ಬಿಡಿ, ಉಳಿದದ್ದನ್ನು ಅವುಗಳ ಹೂ ಅರಳುವ ಮುಂಚೆ ಕಿತ್ತುಹಾಕಿ. ಇದು ಗಾಳಿಯಲ್ಲಿ ಪರಾಗ ಹಾರಿಸುವ ಗಿಡ, ಬೇಗ ಹೂ ಬಿಟ್ಟವು ಪಕ್ಕದಲ್ಲಿದ್ದರೆ ಬೀಜಕ್ಕೂ ಅದೇ ಗುಣ ಬರುತ್ತದೆ.