ಶಿಕ್ಷಕರಿಗೆ ಪರಿಸರ ಶಿಕ್ಷಣದ ತರಬೇತಿ ಕೊಡಲು ಯಾರನ್ನು ಕರೆಸಬೇಕು?

ಉಡುಪಿ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳ ಶಿಕ್ಷಕರಿಗೆ ನಿಮ್ಮ ಟ್ರಸ್ಟ್ ಎರಡು ದಿನದ ಪರಿಸರ ಶಿಕ್ಷಣ ತರಬೇತಿ ನಡೆಸಲಿದೆ, ಸಂಪನ್ಮೂಲ ವ್ಯಕ್ತಿಗಳಾಗಿ ಯಾರನ್ನು ಕರೆಸಬಹುದು ಎಂದು ಕೇಳಿದ್ದೀರಿ. ನಾನು ಬ್ರಹ್ಮಾವರದ ಕಡೆ ಶಿಕ್ಷಕನಾಗಿದ್ದವನು, ಕೆಲವು ವರ್ಷ ಸಿಆರ್‌ಪಿಯಾಗಿ (ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿಯಾಗಿ) ಶಾಲೆಯಿಂದ ಶಾಲೆಗೆ ಓಡಾಡಿದವನು. ಭಾಷಣಕಾರರ ಪಟ್ಟಿಯನ್ನು ಮಡಚಿಡಿ ಎನ್ನುವುದೇ ನನ್ನ ಉತ್ತರ. ಎರಡು ದಿನವನ್ನು ಒಂದಕ್ಕಿಳಿಸಿ, ಉಳಿದ ದುಡ್ಡನ್ನು ವರ್ಷವಿಡೀ ಆ ಶಾಲೆಗಳಿಗೆ ಹೋಗಿಬರುವ ಒಬ್ಬರ ಬಸ್ ಖರ್ಚಿಗೆ ತೆಗೆದಿಡಿ.

ಪರಿಸರ ವಿಷಯವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ. ರಾಷ್ಟ್ರೀಯ ಹಸಿರು ಪಡೆಯ ಹೆಸರಿನಲ್ಲಿ ಇಕೋ ಕ್ಲಬ್‌ಗಳು ಶುರುವಾದದ್ದು 2001–02ರಲ್ಲಿ. ಪ್ರಾಥಮಿಕ ತರಗತಿಗಳಿಗೆ ಪರಿಸರ ಅಧ್ಯಯನದ ಪಠ್ಯಪುಸ್ತಕವೇ ಇದೆ. ಪರಿಸರ ಉಳಿಸಬೇಕು ಎಂಬ ಮಾತನ್ನು ಇದುವರೆಗೆ ಕೇಳದ ಶಿಕ್ಷಕರನ್ನು ಹುಡುಕಿದರೂ ನಿಮಗೆ ಸಿಗಲಾರರು. ಪರದೆಯ ಮೇಲೆ ಓಝೋನ್ ಪದರ ತೋರಿಸಿ ಮಧ್ಯಾಹ್ನದವರೆಗೆ ಮಾತನಾಡಿದರೆ ಅವರು ಸೌಜನ್ಯಕ್ಕೆ ಕೇಳಿಸಿಕೊಳ್ಳುತ್ತಾರೆ, ಹಾಜರಾತಿ ಪ್ರಮಾಣಪತ್ರ ತೆಗೆದುಕೊಂಡು ಸಂಜೆಯ ಬಸ್ ಹಿಡಿಯುತ್ತಾರೆ. ನಲವತ್ತು ನಿಮಿಷದ ಒಂದು ಅವಧಿಯಲ್ಲಿ, ಮೂರು ತರಗತಿಯ ಮಕ್ಕಳನ್ನು ಒಟ್ಟಿಗೆ ಕಟ್ಟಿಕೊಂಡು, ಶಾಲೆಯ ಅಂಗಳದಲ್ಲಿ ಏನು ಮಾಡಿಸುವುದು? ಅವರಿಗೆ ಬೇಕಾಗಿರುವುದು ಇದಕ್ಕೆ ಉತ್ತರ.

ಹಾಗಾಗಿ ಆ ಒಂದು ದಿನ ಶಿಕ್ಷಕರ ಕೈಗೆ ಕೆಲಸ ಕೊಡಿ. ನಾನು ಮಳೆಯಿಂದ ಆರಂಭಿಸುತ್ತಿದ್ದೆ. ನಮ್ಮ ಕರಾವಳಿಯಲ್ಲಿ ಅದಕ್ಕಿಂತ ಅಗ್ಗದ ಪಾಠೋಪಕರಣ ಬೇರೊಂದಿಲ್ಲ. ನೇರ ಮೈಯ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಆಲಿಕೆಯಾಗಿ ಕೂರಿಸಿದರೆ ಮಳೆಮಾಪಕ ಆಯಿತು. ಇಷ್ಟನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಬಾಟಲಿಯ ತಳ ಉಬ್ಬುತಗ್ಗಾಗಿರುತ್ತದೆ, ಅಲ್ಲಿಂದಲೇ ಅಳೆದರೆ ಲೆಕ್ಕ ಕೆಡುತ್ತದೆ. ತಳಕ್ಕೆ ಸಣ್ಣ ಕಲ್ಲು ಹಾಕಿ, ಮೈ ನೇರವಾಗುವ ಮಟ್ಟದವರೆಗೆ ನೀರು ಹೊಯ್ದು, ಅಲ್ಲಿ ಸೊನ್ನೆಯ ಗೆರೆ ಎಳೆದು, ಅದರಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಬೇಕು. ಬಾಯಲ್ಲಿ ಹೇಳಿದರೆ ಈ ಸೊನ್ನೆಯ ಗೆರೆ ಮನೆ ಮುಟ್ಟುವಷ್ಟರಲ್ಲಿ ಮರೆತುಹೋಗುತ್ತದೆ. ಕೈಯಾರೆ ಎಳೆದವರಿಗೆ ಮರೆಯುವುದಿಲ್ಲ. ಮಾಪಕವನ್ನು ಮರದಡಿ, ಮಾಡಿನ ಅಂಚಿನಲ್ಲಿ ಇಡಬಾರದು. ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಲೆಕ್ಕ ಹಾಕುತ್ತದೆ. ಶಾಲೆಗೆ ಅದು ಬೆಲ್ ಹೊಡೆಯುವ ಹೊತ್ತಾದರೂ ಅಡ್ಡಿಯಿಲ್ಲ, ದಿನವೂ ಅದೇ ಹೊತ್ತಾಗಿರಬೇಕು ಅಷ್ಟೆ. ರೆಡ್ ಅಲರ್ಟ್‌ನ ದಿನ ಬಾಟಲಿ ತುಂಬಿ ಹರಿದೀತು. ಚಿಂತೆ ಬೇಡ, ಅಂದು ಹೇಗೂ ಜಿಲ್ಲಾಧಿಕಾರಿಗಳು ರಜೆ ಕೊಟ್ಟಿರುತ್ತಾರೆ.

ಮಾಪಕ ಸಿದ್ಧವಾದ ಮೇಲೆ ಲೆಕ್ಕಕ್ಕೆ ಬನ್ನಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಶಾಲೆಯ ಮಾಡು 200 ಚದರ ಮೀಟರ್ ಇದೆಯೆಂದಿಟ್ಟುಕೊಳ್ಳಿ, ವರ್ಷಕ್ಕೆ 3,500 ಮಿಲಿಮೀಟರ್ ಮಳೆ ಎಂದು ಹಿಡಿಯಿರಿ. ಏಳು ಲಕ್ಷ ಲೀಟರ್! ಐದನೇ ತರಗತಿಯ ಮಕ್ಕಳು ಮಾಡಬಹುದಾದ ಗುಣಾಕಾರ ಇದು. ಇಷ್ಟು ನೀರು ಸುರಿದರೂ ಏಪ್ರಿಲ್‌ನಲ್ಲಿ ಬಾವಿಯ ತಳ ಕಾಣುವುದೇಕೆ ಎಂಬ ಪ್ರಶ್ನೆ ಆಮೇಲೆ ತಾನಾಗಿಯೇ ಏಳುತ್ತದೆ. ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಕಟ್ಟೆಯಿಂದ ನೀರಿನವರೆಗೆ ಎಷ್ಟು ಅಡಿ ಎಂದು ತಿಂಗಳಿಗೊಮ್ಮೆ ಅಳೆದು ಗೋಡೆಯ ಮೇಲೆ ಬರೆಯಿಸಿ. ಅಳೆಯುವುದು ಶಿಕ್ಷಕರು, ಬರೆಯುವುದು ಮಕ್ಕಳು. ಬಾವಿಯ ಹತ್ತಿರ ಮಕ್ಕಳನ್ನು ಬಿಡುವುದು ಬೇಡ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲ ನೀರನ್ನು ಬೇಗ ಹೀರಿ ಅಷ್ಟೇ ಬೇಗ ಬಿಟ್ಟುಕೊಡುವುದು, ಬೈಲಿನ ಗದ್ದೆಗಳನ್ನು ಬೇಸಾಯ ಮಾಡದೆ ಹಡಿಲು ಬಿಟ್ಟಾಗ ನೀರು ನಿಂತು ಇಂಗುವುದು ತಪ್ಪುವುದು, ಮಳೆಗಾಲ ಮುಗಿದ ಮೇಲೆ ತೋಡಿಗೆ (ಸಣ್ಣ ಹಳ್ಳಕ್ಕೆ) ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಹಾಕುತ್ತಿದ್ದ ಊರಿನ ರೂಢಿ, 2019ರ ಬೇಸಿಗೆಯಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ಬತ್ತಿ ಉಡುಪಿ ನಗರ ಪರದಾಡಿದ್ದು, ಇವೆಲ್ಲ ಆ ಗೋಡೆಯ ಅಂಕಿಗಳಿಗೆ ಬಂದು ಅಂಟಿಕೊಳ್ಳುತ್ತವೆ. ಕಟ್ಟದ ವಿಷಯಕ್ಕೆ ಸಂಪನ್ಮೂಲ ವ್ಯಕ್ತಿ ಬೇಕೆಂದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರ ಅಪ್ಪನೋ ಅಜ್ಜನೋ ಸಾಕು.

ಇನ್ನೊಂದು ಸಂಗತಿ ಹೊರಗಿನವರಿಗೆ ಸುಲಭವಾಗಿ ಕಾಣುವುದಿಲ್ಲ. ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಬಯಲುಸೀಮೆ, ಉತ್ತರ ಕರ್ನಾಟಕದಿಂದ ಬಂದ ಶಿಕ್ಷಕರು ಬಹಳ ಮಂದಿ ಇದ್ದಾರೆ. ಒಳ್ಳೆಯ ಶಿಕ್ಷಕರು, ಆದರೆ ಇಲ್ಲಿನ ಗಿಡಮರ ಹೊಸದು. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋದರೆ ‘ಇದು ಯಾವ ಗಿಡ ಸರ್’ ಎಂದು ಕೇಳಿಬಿಟ್ಟಾರು ಎಂಬ ಅಳುಕು ಅವರಿಗೆ. ಹೊರಾಂಗಣ ಪಾಠ ನಿಂತುಹೋಗುವುದು ಬಹುತೇಕ ಈ ಅಳುಕಿನಿಂದಲೇ, ಹಾವಿನ ಭಯ ಆಮೇಲಿನದು. ಅವರನ್ನು ತರಬೇತಿಯ ದಿನ ನದಿ ಸಮುದ್ರ ಸೇರುವ ಕಡೆಯ ಹಿನ್ನೀರಿಗೆ ಕರೆದುಕೊಂಡು ಹೋಗಿ. ಕಾಂಡ್ಲಾ (ಮ್ಯಾಂಗ್ರೋವ್) ಗಿಡದಲ್ಲಿ ಬೀಜ ಮರದ ಮೇಲೆಯೇ ಮೊಳೆತು ನುಗ್ಗೆಕಾಯಿಯಂತೆ ಉದ್ದಕ್ಕೆ ನೇತಾಡುವುದನ್ನು ಮುಟ್ಟಿ ನೋಡಲಿ. ಹೆಸರು ಹೇಳುವ ಕೆಲಸವನ್ನು ಮಕ್ಕಳಿಗೆ ಬಿಟ್ಟು ‘ಇದರ ಬೀಜ ಯಾಕೆ ಹೀಗಿದೆ’ ಎಂದು ಕೇಳುವುದಷ್ಟೇ ತನ್ನ ಕೆಲಸ ಎಂದು ತಿಳಿದಾಗ ಅವರ ಮೈ ಹಗುರವಾಗುತ್ತದೆ. ಅಂಥ ಕೆಲವರು ಆಮೇಲೆ ಊರಿನವರಿಗಿಂತ ಚೆನ್ನಾಗಿ ಈ ಪಾಠ ಮಾಡಿದ್ದನ್ನು ನೋಡಿದ್ದೇನೆ.

ಕಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಿಲ್ಲೆಯ ಹಲವು ಪಂಚಾಯಿತಿಗಳಲ್ಲಿ ಎಸ್‌ಎಲ್‌ಆರ್‌ಎಂ (ಘನ ಮತ್ತು ದ್ರವ ಸಂಪನ್ಮೂಲ ನಿರ್ವಹಣೆ) ಘಟಕಗಳಿವೆ. ಅಲ್ಲಿ ಕಸ ವಿಂಗಡಿಸುವ ಅಕ್ಕಂದಿರ ಜೊತೆ ಒಂದು ಗಂಟೆ ನಿಂತರೆ ಪ್ಲಾಸ್ಟಿಕ್ ಮೇಲಿನ ಉಪನ್ಯಾಸ ಬೇಕಾಗುವುದಿಲ್ಲ.

ಈಗ ಬಸ್ ಖರ್ಚಿನ ವಿಚಾರ. ತರಬೇತಿ ಮುಗಿದ ಮೇಲೆ ಮೊದಲ ಎರಡು ತಿಂಗಳಲ್ಲಿ ಯಾರಾದರೂ ಶಾಲೆಗೆ ಹೋಗದಿದ್ದರೆ ಕಲಿತದ್ದು ಅಲ್ಲಿಗೇ ನಿಲ್ಲುತ್ತದೆ. ಹೋಗುವವರು ನಮೂನೆ ಹಿಡಿದು ಟಿಕ್ ಹಾಕಲು ಹೋಗಬಾರದು. ತಪಾಸಣೆಗೆ ಬರುವವರು ಶಾಲೆಗೆ ಬೇಕಾದಷ್ಟಿದ್ದಾರೆ. ಹೋದವರು ಶಿಕ್ಷಕರ ಜೊತೆ ಅಂಗಳಕ್ಕಿಳಿದು ಒಂದು ಪಾಠವನ್ನು ಒಟ್ಟಿಗೆ ಮಾಡಬೇಕು. ವಾಟ್ಸ್‌ಆ್ಯಪ್ ಗುಂಪು ಮಾಡುವುದಾದರೆ ಫೋಟೊ ಕೇಳಬೇಡಿ, ಮಳೆಯ ಅಂಕಿ ಕೇಳಿ. ಫೋಟೊ ಕೇಳಿದರೆ ಬ್ಯಾನರ್ ಹಿಡಿದು ನಿಂತ ಮಕ್ಕಳ ಚಿತ್ರ ಬರುತ್ತದೆ. ಅಂಕಿ ಕೇಳಿದರೆ ಅಳೆಯಲೇಬೇಕಾಗುತ್ತದೆ, ಪಕ್ಕದ ಶಾಲೆಯಲ್ಲಿ ಬೇರೆ ಅಂಕಿ ಬಂದದ್ದೇಕೆ ಎಂದು ಚರ್ಚೆಯೂ ಹುಟ್ಟುತ್ತದೆ.

ಇದನ್ನು ಹೆಚ್ಚುವರಿ ಹೊರೆಯಾಗಿ ಹೇರಬೇಡಿ. ಮಳೆಯ ದಾಖಲೆಯನ್ನೇ ರೂಪಣಾತ್ಮಕ ಮೌಲ್ಯಮಾಪನದ (ಕಲಿಕೆ ನಡೆಯುತ್ತಿರುವಾಗಲೇ ಮಾಡುವ ಮೌಲ್ಯಮಾಪನದ) ಚಟುವಟಿಕೆಯಾಗಿ ತೋರಿಸಲು ಬರುತ್ತದೆ, ಅದನ್ನು ಹೇಗೆ ಬರೆಯುವುದೆಂದು ಒಂದು ಮಾದರಿ ಮಾಡಿಕೊಡಿ. ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು, ಇವುಗಳ ನಡುವೆ ಇನ್ನೊಂದು ಕಡತ ಸೇರಿಸಿದರೆ ಉತ್ಸಾಹಿಗಳೂ ಕೈಬಿಡುತ್ತಾರೆ.

ದಿನ ಗೊತ್ತು ಮಾಡುವ ಮೊದಲು ಡಯಟ್‌ನವರನ್ನು (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯವರನ್ನು) ಕಂಡು ಮಾತನಾಡಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಓಓಡಿ (ಅನ್ಯ ಕರ್ತವ್ಯದ) ಆದೇಶ ಮಾಡಿಸಿಕೊಳ್ಳಿ. ಇಲ್ಲವಾದರೆ ಶಿಕ್ಷಕರು ಸ್ವಂತ ರಜೆ ಹಾಕಿ ಬರಬೇಕಾಗುತ್ತದೆ. ಏಕೋಪಾಧ್ಯಾಯ ಶಾಲೆಯವರಿಗೆ ಶಾಲಾ ದಿನದಲ್ಲಿ ಬರಲು ಸಾಧ್ಯವೇ ಇಲ್ಲ, ಅವರಿಗಾಗಿ ಶನಿವಾರ ಮಧ್ಯಾಹ್ನದ ಮೇಲೆ ಅವರದೇ ಕ್ಲಸ್ಟರ್‌ನಲ್ಲಿ ಎರಡು ಗಂಟೆಯ ಚಿಕ್ಕ ಕಾರ್ಯಾಗಾರ ಮಾಡಿ. ಜೂನ್ ಎರಡನೇ ವಾರದೊಳಗೆ ಮುಗಿಸಿದರೆ ಮಾಪಕಕ್ಕೆ ಆ ವರ್ಷದ ಹೆಚ್ಚಿನ ಮಳೆ ಸಿಗುತ್ತದೆ.